ಗುರುತು ಹಿಡಿಯುವ ನೆನಪು: ಮೆದುಳಿನ ಮುಂಭಾಗದ ಪಾತ್ರ

ಹಿಂದೆ ಕಂಡ, ಕೇಳಿದ ಅಥವಾ ಓದಿದ ಸಂಗತಿ ಮತ್ತೆ ಎದುರಾದಾಗ ‘ಇದು ಮೊದಲೇ ಗೊತ್ತಿದ್ದದ್ದು’ ಎಂದು ತಿಳಿಯುವ ಶಕ್ತಿಯೇ ಗುರುತು ಹಿಡಿಯುವ ನೆನಪು. ಮನಶ್ಶಾಸ್ತ್ರದ ಪುಸ್ತಕಗಳು ಇದನ್ನು ಪ್ರತ್ಯಭಿಜ್ಞೆ ಎಂದೂ ಕರೆಯುತ್ತವೆ. ನೆನಪನ್ನು ಕೂಡಿಡುವ ಕೆಲಸ ಮುಖ್ಯವಾಗಿ ಕಿವಿಯ ಒಳಬದಿಗಿರುವ ಟೆಂಪೊರಲ್ ಹಾಲೆಯದು, ಅದರಲ್ಲೂ ಹಿಪೊಕ್ಯಾಂಪಸ್ ಮತ್ತು ಅದರ ನೆರೆಯ ಭಾಗಗಳದು. ಹಣೆಯ ಹಿಂದಿರುವ ಫ್ರಾಂಟಲ್ ಹಾಲೆಗೆ ಇದರಲ್ಲಿ ಕೆಲಸವೇ ಇಲ್ಲ ಎಂದು ಬಹುಕಾಲ ನಂಬಲಾಗಿತ್ತು. 1970ರ ದಶಕದಿಂದ ಆ ನಂಬಿಕೆ ಸಡಿಲವಾಯಿತು. ಮುಂಭಾಗ ನೆನಪನ್ನು ಕೂಡಿಡುವುದಿಲ್ಲ, ಮೇಲೆದ್ದು ಬಂದ ನೆನಪು ಖರೆಯೋ ಸುಳ್ಳೋ ಎಂದು ಪರೀಕ್ಷಿಸುತ್ತದೆ ಎಂಬುದು ಈಗಿನ ತಿಳಿವಳಿಕೆ. ಹಾಗಾಗಿ ಗುರುತು ಹಿಡಿಯುವುದೆಂದರೆ ಮೆದುಳು ಕೊಡುವ ಒಂದು ತೀರ್ಪು. ಎಲ್ಲ ತೀರ್ಪುಗಳ ಹಾಗೆ ಅದೂ ತಪ್ಪಬಹುದು.

ಸುಳಿವಿಲ್ಲದೆ ತಾನಾಗಿ ನೆನೆಸಿಕೊಳ್ಳುವುದು ಬೇರೆ, ಎದುರಿಗೆ ಬಂದದ್ದನ್ನು ಗುರುತಿಸುವುದು ಬೇರೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯವರಿಗೆ ಇದನ್ನು ಶ್ರೀಕೃಷ್ಣ ಪಾರಿಜಾತದ ಆಟ ನೆನಪಿಸಿ ಹೇಳಿದರೆ ಸಾಕು. ಕುಲಗೋಡದ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಊರೂರಿಗೆ ಒಯ್ದ ಆ ಆಟದಲ್ಲಿ ಕಲಾವಿದರು ಪುಸ್ತಕ ಹಿಡಿಯದೆ ರಾತ್ರಿಯೆಲ್ಲ ಪದ ಹಾಡಬೇಕು. ಅದು ಸ್ಮರಣೆ. ಮುಂದೆ ಕೂತವರಿಗೆ ಆ ಪದವನ್ನು ತಾವಾಗಿ ಹಾಡಲು ಬಾರದು, ಆದರೆ ಭಾಗವತ ಒಂದು ನುಡಿ ಹಾರಿಸಿದರೆ ಕೂಡಲೇ ತಿಳಿಯುತ್ತದೆ. ಅದು ಗುರುತು.

ಗುರುತಿನಲ್ಲೂ ಎರಡು ಬಗೆ ಎಂದು ಜಾರ್ಜ್ ಮ್ಯಾಂಡ್ಲರ್ 1980ರಲ್ಲಿ ವಾದಿಸಿದ. ಬಸ್ಸಿನಲ್ಲಿ ಕಂಡ ಮುಖ ಪರಿಚಿತ ಎನಿಸುತ್ತದೆ, ಯಾರೆಂದು ಹೊಳೆಯುವುದಿಲ್ಲ. ಆಮೇಲೆ ಆತ ತಾನು ಮಾಂಸ ಕೊಳ್ಳುವ ಅಂಗಡಿಯವನೆಂದು ನೆನಪಾಗುತ್ತದೆ. ಇದು ಮ್ಯಾಂಡ್ಲರ್ ಕೊಟ್ಟ ಉದಾಹರಣೆ. ಗೋಕಾಕದ ಕರದಂಟಿನ ಅಂಗಡಿಯಲ್ಲಿ ತೂಗಿಕೊಡುವವರು ಹುಕ್ಕೇರಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ಆಗುವುದೂ ಇದೇ: ‘ಮಾರಿ ನೋಡೇನಿ, ಯಾರಂತ ಗುರ್ತ ಹತ್ತವಲ್ದು.’ ಬರಿಯ ಪರಿಚಿತ ಭಾವ ಒಂದು ಬಗೆ. ಎಲ್ಲಿ, ಯಾವಾಗ, ಯಾರ ಸಂಗಡ ಎಂಬ ವಿವರದೊಡನೆ ಬರುವ ನೆನಪು ಇನ್ನೊಂದು ಬಗೆ. ಎಂಡೆಲ್ ಟುಲ್ವಿಂಗ್ 1985ರಲ್ಲಿ ಇವನ್ನೇ ‘ಗೊತ್ತು’ ಮತ್ತು ‘ನೆನಪಿದೆ’ ಎಂಬ ಎರಡು ಉತ್ತರಗಳಾಗಿ ಪ್ರಯೋಗಕ್ಕೆ ತಂದ. ಮೆದುಳಿನ ಮುಂಭಾಗದ ಚರ್ಚೆಯೆಲ್ಲ ಈ ಎರಡರ ಸುತ್ತ ನಡೆದಿದೆ.

ಆರಂಭದ ಹೆಜ್ಜೆಗಳು

ಪ್ರಶ್ನೆ ಹಳೆಯದು. ‘ಆ ದೇವದತ್ತನೇ ಈತ’ ಎಂಬ ವಾಕ್ಯವನ್ನು ಇಟ್ಟುಕೊಂಡು ನೈಯಾಯಿಕರೂ ಬೌದ್ಧರೂ ಶತಮಾನಗಳ ಕಾಲ ವಾದ ಮಾಡಿದರು. ಹಿಂದಿನ ಸಂಸ್ಕಾರವೂ ಈಗಿನ ಕಣ್ಣಿನ ನೋಟವೂ ಕೂಡಿ ಹುಟ್ಟುವ ಒಂದೇ ಅರಿವು ಅದು ಎಂದರು ನೈಯಾಯಿಕರು. ಅಲ್ಲ, ನೋಟ ಒಂದು, ನೆನಪು ಒಂದು, ಎರಡನ್ನು ಒಂದೆಂದು ಭ್ರಮಿಸುತ್ತೇವೆ ಎಂದರು ಬೌದ್ಧರು. ಮೆದುಳಿನ ಮಾತು ಅಲ್ಲಿಲ್ಲ. ಆದರೆ ಗುರುತು ಒಂದೇ ಕ್ರಿಯೆಯೋ ಎರಡೋ ಎಂಬ ಇಂದಿನ ಪ್ರಯೋಗಶಾಲೆಯ ಜಗಳಕ್ಕೆ ಇದು ಅಚ್ಚರಿಯಷ್ಟು ಹತ್ತಿರ.

ಮುಂಭಾಗದ ಮೊದಲ ಹೆಸರಾಂತ ರೋಗಿ ಫಿನಿಯಾಸ್ ಗೇಜ್. 1848ರ ಸೆಪ್ಟೆಂಬರಿನಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ರೈಲು ಹಳಿಗಾಗಿ ಬಂಡೆ ಸಿಡಿಸುವಾಗ ಕಬ್ಬಿಣದ ಸಲಾಕೆಯೊಂದು ಆತನ ತಲೆಯೊಳಗಿಂದ ಹಾದುಹೋಯಿತು. ಸ್ವಭಾವ ಕೆಟ್ಟಿತು, ನೆನಪು ಮಾತ್ರ ಬಹುಮಟ್ಟಿಗೆ ಉಳಿಯಿತು. ಇದರಿಂದ ಜನ ತೆಗೆದ ತೀರ್ಮಾನ ಸರಳವಾಗಿತ್ತು: ಹಣೆಯ ಭಾಗ ನಡತೆಗೆ, ನೆನಪಿಗಲ್ಲ. 1930ರ ದಶಕದಲ್ಲಿ ಯೇಲ್ ವಿಶ್ವವಿದ್ಯಾಲಯದ ಕಾರ್ಲೈಲ್ ಜೇಕಬ್ಸನ್, ಮುಂಭಾಗ ತೆಗೆದ ಕೋತಿ ಮತ್ತು ಚಿಂಪಾಂಜಿಗಳು ಆಹಾರ ಯಾವ ಬಟ್ಟಲಿನ ಕೆಳಗಿದೆ ಎಂಬುದನ್ನು ಕೆಲವೇ ಸೆಕೆಂಡುಗಳ ಮಟ್ಟಿಗೂ ಹಿಡಿದಿಟ್ಟುಕೊಳ್ಳಲಾರವೆಂದು ತೋರಿಸಿದ. ಆಗಲೂ ಅದು ಗಮನದ ದೋಷವೋ ನೆನಪಿನದೋ ಎಂಬುದು ಬಗೆಹರಿಯಲಿಲ್ಲ.

ಚರ್ಚೆಯ ದಿಕ್ಕು ತಿರುಗಿಸಿದ್ದು ಹಣೆಯ ರೋಗಿಯಲ್ಲ, ಕಿವಿಯ ಬದಿಯ ರೋಗಿ. ಮೂರ್ಛೆರೋಗ ನಿಲ್ಲಿಸಲೆಂದು 1953ರಲ್ಲಿ ಹೆನ್ರಿ ಮೊಲೈಸನ್ ಎಂಬಾತನ ಎರಡೂ ಕಡೆಯ ಟೆಂಪೊರಲ್ ಹಾಲೆಯ ಒಳಭಾಗವನ್ನು ವಿಲಿಯಂ ಸ್ಕೋವಿಲ್ ತೆಗೆದ. ಆ ಬಳಿಕ ಆತನಿಗೆ ಹೊಸದೇನೂ ನೆನಪಿನಲ್ಲಿ ನಿಲ್ಲಲಿಲ್ಲ. 1957ರಲ್ಲಿ ಸ್ಕೋವಿಲ್ ಮತ್ತು ಬ್ರೆಂಡಾ ಮಿಲ್ನರ್ ಪ್ರಕಟಿಸಿದ ಈ ವರದಿಯಿಂದ ನೆನಪಿನ ಮನೆ ಎಲ್ಲಿದೆ ಎಂಬುದು ಖಚಿತವಾಯಿತು. ಹಣೆಯ ಹಾಲೆ ಮತ್ತೆ ಹಿಂದಕ್ಕೆ ಸರಿಯಿತು.

ಅದನ್ನು ಮುಂದಕ್ಕೆ ತಂದವರೂ ಮಿಲ್ನರ್ ಅವರೇ. ಮಾಂಟ್ರಿಯಲ್‌ನಲ್ಲಿ ಅವರು ಫಿಲಿಪ್ ಕಾರ್ಸಿ ಜತೆ ಮಾಡಿದ, 1971ರಲ್ಲಿ ವರದಿಯಾದ ಪ್ರಯೋಗ ಹೀಗಿತ್ತು: ಕಾರ್ಡುಗಳ ಕಟ್ಟನ್ನು ಒಂದೊಂದಾಗಿ ತೋರಿಸುತ್ತ ಹೋಗುವುದು, ನಡುನಡುವೆ ಎರಡು ಪದ ಅಥವಾ ಎರಡು ಚಿತ್ರ ಮುಂದಿಟ್ಟು ‘ಇವೆರಡರಲ್ಲಿ ಇತ್ತೀಚೆಗೆ ನೋಡಿದ್ದು ಯಾವುದು?’ ಎಂದು ಕೇಳುವುದು. ಮುಂಭಾಗಕ್ಕೆ ಪೆಟ್ಟಾದವರು ಕಾರ್ಡನ್ನು ನೋಡಿದ್ದೇನೆಂದು ಸರಿಯಾಗಿ ಗುರುತಿಸಿದರು, ಮೊದಲು ಯಾವುದು ಆಮೇಲೆ ಯಾವುದು ಎಂಬಲ್ಲಿ ಸೋತರು. ಎಡ ಮುಂಭಾಗ ಕೆಟ್ಟವರಿಗೆ ಪದಗಳ ಸರದಿ ತಪ್ಪಿತು, ಬಲ ಮುಂಭಾಗ ಕೆಟ್ಟವರಿಗೆ ಚಿತ್ರಗಳದು. ಟೆಂಪೊರಲ್ ಹಾಲೆಯ ರೋಗಿಗಳ ತೊಂದರೆ ಇದಕ್ಕೆ ತಿರುಗುಮುರುಗಾಗಿತ್ತು. ನೆನಪಿನ ವಸ್ತು ಒಂದೆಡೆ, ಅದರ ಕಾಲ ಮತ್ತು ಸಂದರ್ಭ ಇನ್ನೊಂದೆಡೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಸಾಕ್ಷ್ಯ ಅದುವರೆಗೆ ಸಿಕ್ಕಿರಲಿಲ್ಲ.

1986ರಲ್ಲಿ ಜೋಸ್ಲಿನ್ ಬಾಶವಾಲಿಯೆ ಮತ್ತು ಮಾರ್ಟಿಮರ್ ಮಿಶ್ಕಿನ್ ಕೋತಿಗಳ ಮೇಲೆ ಮಾಡಿದ ಕೆಲಸ ಮುಂಭಾಗವೆಲ್ಲ ಒಂದೇ ಅಲ್ಲವೆಂದು ತೋರಿಸಿತು. ಕಣ್ಣುಗುಡ್ಡೆಯ ಮೇಲ್ಗಡೆ, ನಡುಗೆರೆಯ ಹತ್ತಿರದ ಭಾಗ ತೆಗೆದರೆ ವಸ್ತುಗಳ ಗುರುತೇ ಕೆಡುತ್ತದೆ. ಹೊರ ಮೇಲ್ಬದಿಯನ್ನು ತೆಗೆದರೆ ಕೆಡುವುದಿಲ್ಲ. 1989ರಲ್ಲಿ ಜಾನೋವ್ಸ್ಕಿ, ಶಿಮಾಮುರ ಮತ್ತು ಸ್ಕ್ವೈರ್ ಮನುಷ್ಯರಲ್ಲಿ ಇನ್ನೊಂದನ್ನು ಕಂಡರು. ಮುಂಭಾಗದ ರೋಗಿಗಳಿಗೆ ಕಲಿತ ಸಂಗತಿ ನೆನಪಿರುತ್ತದೆ, ಅದನ್ನು ಎಲ್ಲಿ ಕಲಿತೆವೆಂಬುದು ತಪ್ಪುತ್ತದೆ. ಸುದ್ದಿ ನಿಜ, ಹೇಳಿದವರ ಹೆಸರು ಅದಲುಬದಲು. ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ವೀಲರ್, ಸ್ಟಸ್ ಮತ್ತು ಟುಲ್ವಿಂಗ್ 1995ರಲ್ಲಿ ಒಟ್ಟುಹಾಕಿದಾಗ ಸಿಕ್ಕ ಲೆಕ್ಕ ಹೀಗಿತ್ತು: ಮುಂಭಾಗದ ಪೆಟ್ಟಿನಿಂದ ಹೆಚ್ಚು ಕೆಡುವುದು ತಾನಾಗಿ ನೆನೆಸಿಕೊಳ್ಳುವ ಶಕ್ತಿ, ಕಡಿಮೆ ಕೆಡುವುದು ಗುರುತು.

ಸುಳ್ಳು ಗುರುತು

ಇಷ್ಟಕ್ಕೇ ಕಥೆ ಮುಗಿದಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ. ‘ನೋಡಿದ್ದನ್ನು ನೋಡಿದ್ದೇನೆ ಎನ್ನುತ್ತಾನೆಯೇ?’ ಎಂದಷ್ಟೇ ಕೇಳಿದಾಗ ರೋಗಿ ಪಾಸಾಗುತ್ತಿದ್ದ. ‘ನೋಡದ್ದನ್ನೂ ನೋಡಿದ್ದೇನೆ ಎನ್ನುತ್ತಾನೆಯೇ?’ ಎಂದು ಕೇಳಿದಾಗ ಬೇರೆ ಚಿತ್ರವೇ ಬಂತು.

1996ರಲ್ಲಿ ಡೇನಿಯಲ್ ಶ್ಯಾಕ್ಟರ್ ಮತ್ತು ಸಂಗಡಿಗರು ಬಿ.ಜಿ. ಎಂಬ ಹೆಸರಿನಡಿ ವರ್ಣಿಸಿದ ರೋಗಿಗೆ ಬಲ ಮುಂಭಾಗದಲ್ಲಿ ರಕ್ತ ಸಂಚಾರ ನಿಂತು ಆ ಭಾಗ ಸತ್ತಿತ್ತು. ಓದಿದ ಪದಗಳನ್ನು ಆತ ಸರಿಯಾಗಿಯೇ ಗುರುತಿಸುತ್ತಿದ್ದ. ಓದದ ಪದಗಳಿಗೂ ‘ಇತ್ತು’ ಎನ್ನುತ್ತಿದ್ದ, ಅದೂ ಅನುಮಾನದಿಂದಲ್ಲ, ‘ನನಗೆ ಚೆನ್ನಾಗಿ ನೆನಪಿದೆ’ ಎಂಬ ಗಟ್ಟಿ ದನಿಯಲ್ಲಿ. ಸಂಶೋಧಕರು ಒಂದು ಜಾಣತನ ಮಾಡಿದರು. ಮೊದಲ ಪಟ್ಟಿಗೆ ಸಂಬಂಧವೇ ಇಲ್ಲದ ಜಾತಿಯ ವಸ್ತುಗಳನ್ನು ಹೊಸವಾಗಿ ಬೆರೆಸಿದರು. ಆಗ ಆತನ ಸುಳ್ಳು ಗುರುತು ಬಹುತೇಕ ಇಲ್ಲವಾಯಿತು. ಎಂದರೆ ಆತ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಹುಡುಕುತ್ತಿರಲಿಲ್ಲ; ‘ಅಂಥದ್ದೇ ಏನೋ ಇತ್ತು’ ಎಂಬ ಒಟ್ಟು ಹೋಲಿಕೆಯನ್ನೇ ನೆನಪೆಂದು ಒಪ್ಪಿಕೊಳ್ಳುತ್ತಿದ್ದ. ಆ ಒಪ್ಪಿಗೆಗೆ ತಡೆ ಹಾಕಬೇಕಾದ ಭಾಗ ಕೆಟ್ಟಿತ್ತು.

ಇದೇ ತಪ್ಪನ್ನು ಆರೋಗ್ಯವಂತರೂ ಮಾಡುತ್ತಾರೆ. ಓದುಗರು ಮನೆಯವರ ಮೇಲೆ ಮಾಡಿ ನೋಡಬಹುದು: ಹಾಸಿಗೆ, ದಿಂಬು, ಕೌದಿ, ರಾತ್ರಿ, ಕನಸು, ಗೊರಕೆ, ಆಕಳಿಕೆ, ಜೋಗುಳ, ತೊಟ್ಟಿಲು, ಮಂಪರು ಎಂದು ನಿಧಾನ ಓದಿ, ಹತ್ತು ನಿಮಿಷ ಬೇರೆ ಮಾತಾಡಿ, ಆಮೇಲೆ ‘ನಿದ್ದೆ’ ಪಟ್ಟಿಯಲ್ಲಿತ್ತೇ ಎಂದು ಕೇಳಿ. ‘ಇತ್ತಲ್ಲ!’ ಎನ್ನುವವರು ಕಡಿಮೆಯಿಲ್ಲ. ಜೇಮ್ಸ್ ಡೀಸ್ 1959ರಲ್ಲಿ ಬಳಸಿದ ಈ ಉಪಾಯವನ್ನು 1995ರಲ್ಲಿ ರೋಡಿಗರ್ ಮತ್ತು ಮೆಕ್‌ಡರ್ಮಟ್ ಮತ್ತೆ ಎತ್ತಿಕೊಂಡು ಪ್ರಸಿದ್ಧಗೊಳಿಸಿದರು.

ಇನ್ನೊಂದು ಬಗೆಯ ತಪ್ಪನ್ನು ಸ್ವಿಟ್ಜರ್ಲೆಂಡಿನ ಆರ್ಮಿನ್ ಶ್ನೈಡರ್ ಅದೇ 1996ರಲ್ಲಿ ಬಿಡಿಸಿ ತೋರಿಸಿದ. ಹಣೆಯ ಕೆಳಭಾಗದ ರಕ್ತನಾಳ ಉಬ್ಬಿ ಒಡೆದ ಕೆಲವರು, ನಿವೃತ್ತರಾಗಿ ವರ್ಷಗಳಾಗಿದ್ದರೂ ಇಂದು ಕಚೇರಿಗೆ ಹೋಗಬೇಕೆಂದು ಹೊರಡುತ್ತಾರೆ. ಬೇಕೆಂದು ಹೇಳುವ ಸುಳ್ಳಲ್ಲ ಅದು. ಅಂಥವರಿಗೆ ಒಂದು ಚಿತ್ರಮಾಲೆ ತೋರಿಸಿ, ಎರಡನೆಯ ಸಲ ಬಂದ ಚಿತ್ರಕ್ಕೆ ‘ಹೌದು’ ಎನ್ನಲು ಹೇಳಿದರೆ ತಕ್ಕಮಟ್ಟಿಗೆ ಹೇಳುತ್ತಾರೆ. ತಾಸು ಬಿಟ್ಟು ಅದೇ ಚಿತ್ರಗಳನ್ನು ಬೇರೆ ಸರದಿಯಲ್ಲಿ ತೋರಿಸಿ, ‘ಈ ಸಲದ್ದಷ್ಟೇ ಲೆಕ್ಕ’ ಎಂದರೆ ಎಲ್ಲಕ್ಕೂ ‘ಹೌದು’ ಎನ್ನತೊಡಗುತ್ತಾರೆ. ಹಳೆಯ ನೆನಪು ಈಗಿನದಲ್ಲ ಎಂದು ಬೇರ್ಪಡಿಸುವ ಕೆಲಸ ಮುಂಭಾಗದ ಕೆಳಬದಿಯದೆಂದು ಶ್ನೈಡರ್ ವಾದಿಸಿದ.

ಯಂತ್ರಗಳು ಬಂದ ಮೇಲೆ

ಮೆದುಳಿನ ವಿದ್ಯುತ್ ಅಲೆ ಅಳೆಯುವ ಇಇಜಿ ಮತ್ತು ರಕ್ತ ಸಂಚಾರ ತೋರಿಸುವ ಸ್ಕ್ಯಾನ್‌ಗಳಿಂದ ಆರೋಗ್ಯವಂತರ ಮೆದುಳನ್ನೂ ನೋಡುವಂತಾಯಿತು. 1994ರಲ್ಲಿ ಟುಲ್ವಿಂಗ್ ಗುಂಪು, ಕಲಿಯುವಾಗ ಎಡ ಮುಂಭಾಗ, ನೆನೆಯುವಾಗ ಬಲ ಮುಂಭಾಗ ಎಂಬ ಸೂತ್ರ ಕೊಟ್ಟಿತು. ಸೂತ್ರ ಚೆಂದವಿತ್ತು, ಆದರೆ ಪದದ ಬದಲು ಮುಖ ತೋರಿಸಿದಾಗ ಎಡಬಲ ಬದಲಾಯಿತು. 1998ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವ್ಯಾಗ್ನರ್ ಮತ್ತು ಬ್ರೂವರ್ ಗುಂಪುಗಳ ಎರಡು ಲೇಖನ ಒಟ್ಟಿಗೆ ಬಂದವು. ಕಲಿಯುವ ಹೊತ್ತಿನಲ್ಲಿ ಮುಂಭಾಗ ಎಷ್ಟು ಚುರುಕಾಗಿತ್ತೆಂಬುದರ ಮೇಲೆ, ಆ ಪದ ಅಥವಾ ಚಿತ್ರ ಮುಂದೆ ಗುರುತಾಗುತ್ತದೆಯೇ ಇಲ್ಲವೇ ಎಂದು ಊಹಿಸಬಹುದೆಂದು ಅವು ತೋರಿಸಿದವು. ಇಇಜಿಯಲ್ಲಿ ವೈಲ್ಡಿಂಗ್ ಮತ್ತು ರಗ್ 1996ರಲ್ಲಿ ಕಂಡದ್ದು, ನೆನಪು ಮೇಲೆದ್ದ ನಂತರವೂ ಬಲ ಹಣೆಯ ಮೇಲೆ ಉಳಿಯುವ ದೀರ್ಘ ಅಲೆ. ಬಂದ ನೆನಪನ್ನು ತಿರುವಿಹಾಕಿ ನೋಡುವ ಕೆಲಸದ ಕುರುಹು ಅದೆಂದು ಹೆಚ್ಚಿನವರ ಮತ. ಅದಕ್ಕೂ ಮುಂಚೆ, ಸೆಕೆಂಡಿನ ಮೂರನೆಯ ಒಂದು ಭಾಗ ಕಳೆಯುತ್ತಲೇ ಹಣೆಯ ನಡುವೆ ಕಾಣುವ ಅಲೆ ಪರಿಚಿತ ಭಾವದ್ದೋ ಅರ್ಥ ಗ್ರಹಿಕೆಯದೋ ಎಂಬ ಬಗ್ಗೆ ವಿದ್ವಾಂಸರು ಇನ್ನೂ ಒಮ್ಮತಕ್ಕೆ ಬಂದಿಲ್ಲ.

ಕರ್ನಾಟಕದಲ್ಲಿ

ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮತ್ತು ಅಲ್ಲಿನ ಹಳೆಯ ಮಾನಸಿಕ ಆಸ್ಪತ್ರೆ ಸೇರಿ 1974ರ ಡಿಸೆಂಬರ್ 27ರಂದು ನಿಮ್ಹಾನ್ಸ್ ಆಯಿತು. ಮೆದುಳಿನ ಶಸ್ತ್ರಚಿಕಿತ್ಸೆ, ಮನೋವೈದ್ಯ ಮತ್ತು ಮನಶ್ಶಾಸ್ತ್ರ ಒಂದೇ ಆವರಣದಲ್ಲಿ ಇದ್ದದ್ದರಿಂದ, ಪೆಟ್ಟು ಎಲ್ಲಿ ಬಿದ್ದಿದೆ ಮತ್ತು ಯಾವ ಶಕ್ತಿ ಕೆಟ್ಟಿದೆ ಎಂಬುದನ್ನು ಅಕ್ಕಪಕ್ಕ ಇಟ್ಟು ನೋಡುವ ಅನುಕೂಲ ಅಲ್ಲಿತ್ತು. ಶೋಭಿನಿ ರಾವ್, ಡಿ.ಕೆ. ಸುಬ್ಬಕೃಷ್ಣ ಮತ್ತು ಕೆ. ಗೋಪುಕುಮಾರ್ 2004ರಲ್ಲಿ ಹೊರತಂದ ನಿಮ್ಹಾನ್ಸ್ ನರಮನಶ್ಶಾಸ್ತ್ರ ಪರೀಕ್ಷಾಮಾಲೆ ಈ ಅನುಭವದ ಫಲ. ಓದು ಬಾರದವರು, ಶಾಲೆ ಓದಿದವರು, ಕಾಲೇಜು ಓದಿದವರು ಎಂದು ಪ್ರತ್ಯೇಕ ಅಳತೆಗೋಲು ಇಟ್ಟದ್ದು ಅದರ ದೊಡ್ಡ ಗುಣ. ಸಹಿ ಹಾಕಲು ಬಾರದ ಅಜ್ಜಿಯನ್ನು ಪದವೀಧರರ ಅಂಕದೊಡನೆ ಹೋಲಿಸಿ ಮರೆವಿನ ರೋಗವೆಂದು ಬರೆಯುವುದು ಅನ್ಯಾಯವಲ್ಲದೆ ಇನ್ನೇನು?

ಮಾಲೆಯಲ್ಲಿರುವ ಕೇಳಿ ಕಲಿಯುವ ಪರೀಕ್ಷೆ ಸ್ವಿಟ್ಜರ್ಲೆಂಡಿನ ಆಂಡ್ರೆ ರೇ ರೂಪಿಸಿದ್ದರ ಭಾರತೀಯ ರೂಪ. ಹದಿನೈದು ಸಾಮಾನ್ಯ ಪದಗಳನ್ನು ಐದು ಸಲ ಓದಿ, ಪ್ರತಿ ಸಲವೂ ನೆನಪಿದ್ದಷ್ಟನ್ನು ಹೇಳಿಸುತ್ತಾರೆ. ನಡುವೆ ಇನ್ನೊಂದು ಪಟ್ಟಿ ಬಂದು ಗಲಿಬಿಲಿ ಮಾಡುತ್ತದೆ. ಇಪ್ಪತ್ತು ನಿಮಿಷ ಬಿಟ್ಟು ಮೊದಲ ಪಟ್ಟಿಯನ್ನು ಮತ್ತೆ ಕೇಳುತ್ತಾರೆ. ಕೊನೆಗೆ ಹೊಸ ಪದಗಳನ್ನೂ ಬೆರೆಸಿ ಒಂದೊಂದನ್ನೇ ಹೇಳುತ್ತ, ‘ಇದು ಮೊದಲಿನ ಪಟ್ಟಿಯೊಳಗ ಇತ್ತೇನ್ರಿ ಅಜ್ಜಾರ?’ ಎನ್ನುವುದು ಗುರುತಿನ ಭಾಗ.

ಉತ್ತರಗಳ ಮಾದರಿಯಲ್ಲೇ ರೋಗದ ಸುಳಿವಿರುತ್ತದೆ. ತಾನಾಗಿ ಹೇಳುವುದೂ ಇಲ್ಲ, ಗುರುತೂ ಹತ್ತುವುದಿಲ್ಲ ಎಂದರೆ ನೆನಪು ಒಳಗೆ ಇಳಿದೇ ಇಲ್ಲ. ಆಲ್ಝೈಮರ್ ಕಾಯಿಲೆಯಲ್ಲಿ ಹೀಗಾಗುತ್ತದೆ. ತಾನಾಗಿ ಹೇಳಲು ತಡವರಿಸಿ, ಕೇಳಿದರೆ ಸರಿಯಾಗಿ ಗುರುತಿಸಿದರೆ ನೆನಪು ಒಳಗಿದೆ, ಹುಡುಕಿ ತೆಗೆಯುವವರು ಸೋತಿದ್ದಾರೆ. ಇದ್ದದ್ದಕ್ಕೂ ‘ಇತ್ರೀ’, ಇಲ್ಲದ್ದಕ್ಕೂ ‘ಇತ್ರೀ’ ಎನ್ನುವ ಮೂರನೆಯವರ ಮುಂಭಾಗವನ್ನು ವೈದ್ಯರು ಅನುಮಾನದಿಂದ ನೋಡಬೇಕು. ಇವರನ್ನು ಕೈಬಿಡುವುದೇ ಸುಲಭ, ಏಕೆಂದರೆ ‘ಹೌದು’ಗಳನ್ನಷ್ಟೇ ಎಣಿಸಿದರೆ ಇವರಿಗೆ ಪೂರ್ಣ ಅಂಕ ಬರುತ್ತದೆ.

ಕಬ್ಬು ಬೆಳೆಯುವ ಗೋಕಾಕ, ಮೂಡಲಗಿ, ಹುಕ್ಕೇರಿಯಂಥ ಕಡೆ ಇದು ಪುಸ್ತಕದ ಮಾತಲ್ಲ. ಕಾರ್ಖಾನೆಗಳ ಹಂಗಾಮಿನಲ್ಲಿ ಹಿಂದೆ ದೀಪವಿಲ್ಲದ ಕಬ್ಬಿನ ಟ್ರೇಲರಿಗೆ ಕತ್ತಲಲ್ಲಿ ಬೈಕು ಗುದ್ದಿದರೆ ಮೊದಲು ಪೆಟ್ಟು ಬೀಳುವುದು ತಲೆಗೆ. ತಲೆಬುರುಡೆಯ ಒಳಗಿನ ತಳ ಹಣೆಯ ಹತ್ತಿರ ಒರಟಾಗಿರುವುದರಿಂದ ಎಲ್ಲಿ ಗುದ್ದಿದರೂ ಮುಂಭಾಗ ಮತ್ತು ಟೆಂಪೊರಲ್ ತುದಿಗಳು ಹೆಚ್ಚು ಜಜ್ಜಿಹೋಗುತ್ತವೆ. ಗಾಯ ಮಾಗಿ ಮನೆಗೆ ಬಂದವರು ಮನೆಮಂದಿಯನ್ನೆಲ್ಲ ಗುರುತಿಸುತ್ತಾರೆ, ಹಾಗಾಗಿ ‘ನೆನಪೇನೂ ಹೋಗಿಲ್ಲ’ ಎಂದು ಎಲ್ಲರೂ ನಿರಾಳವಾಗುತ್ತಾರೆ. ಕೊಟ್ಟ ರೊಕ್ಕವನ್ನು ಕೊಟ್ಟಿಲ್ಲವೆನ್ನುವುದು, ಒಬ್ಬರು ಹೇಳಿದ ಮಾತನ್ನು ಇನ್ನೊಬ್ಬರ ಬಾಯಿಗೆ ಹಾಕುವುದು ಶುರುವಾದಾಗ ಅದನ್ನು ಹಟ ಅಥವಾ ಸುಳ್ಳು ಎಂದುಕೊಳ್ಳುತ್ತಾರೆ. ಲಕ್ವ ಹೊಡೆದ ಮೇಲೂ ಕೈಕಾಲಿನ ಚಿಂತೆಯಲ್ಲಿ ಇದು ಮರೆಯಾಗುತ್ತದೆ.

ಪೂರ್ಣ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯ ಮಟ್ಟದ ಕೆಲಸವಲ್ಲ. ಬೆಳಗಾವಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು, 1845ರಷ್ಟು ಹಳೆಯ ಮಾನಸಿಕ ಆಸ್ಪತ್ರೆಯಿಂದ ಬೆಳೆದ ಧಾರವಾಡದ ಡಿಮ್ಹಾನ್ಸ್, ಕೊನೆಗೆ ಬೆಂಗಳೂರು, ಹೀಗೆ ದಾರಿ. ಗಡಿಯ ಮನೆಗಳಲ್ಲಿ ಕನ್ನಡ, ಮರಾಠಿ, ಉರ್ದು ಬೆರೆತಿರುವುದರಿಂದ ಪದಪಟ್ಟಿಯನ್ನು ಯಾವ ಭಾಷೆಯಲ್ಲಿ ಓದಬೇಕೆಂದು ಪರೀಕ್ಷಕರು ಮೊದಲೇ ವಿಚಾರಿಸಬೇಕಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಿಂದಿ, ಬಂಗಾಳಿ, ತೆಲುಗು, ಕನ್ನಡ ಮತ್ತು ಮಲಯಾಳದಲ್ಲಿ ಸಮಾನ ಪರೀಕ್ಷೆಗಳನ್ನು ಸಿದ್ಧಪಡಿಸಿದ್ದು ಈ ತೊಡಕಿಗಾಗಿಯೇ. ಹಳ್ಳಿಯವರ ನೆನಪು ವಯಸ್ಸಾದಂತೆ ಹೇಗೆ ಬದಲಾಗುತ್ತದೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 2018ರಿಂದ ಅಧ್ಯಯನ ನಡೆಸಿದೆ.

ನ್ಯಾಯಾಲಯದ ಕಟ್ಟೆಗೆ

ಗುರುತಿನ ನೆನಪು ರಾಜ್ಯದ ಹೆಸರಿನೊಡನೆ ದೇಶದ ಕಾನೂನಿನ ಇತಿಹಾಸ ಸೇರಿದ್ದು ಬೇರೆ ದಾರಿಯಿಂದ. ನಿಮ್ಹಾನ್ಸ್‌ನಲ್ಲಿ ಚಿಕಿತ್ಸಾ ಮನಶ್ಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಸಿ.ಆರ್. ಮುಕುಂದನ್, ನಿವೃತ್ತಿಯ ಬಳಿಕ ಗುಜರಾತಿನ ವಿಧಿವಿಜ್ಞಾನ ಇಲಾಖೆಯ ಜತೆಗೂಡಿ ಬೆಳೆಸಿದ ಇಇಜಿ ವಿಧಾನಕ್ಕೆ ಬಿಯೋಸ್ ಎಂದು ಹೆಸರು. ಆರೋಪಿಯ ತಲೆಗೆ ಎಲೆಕ್ಟ್ರೋಡುಗಳ ಟೋಪಿ ತೊಡಿಸಿ, ಘಟನೆಯ ಬಗೆಗಿನ ವಾಕ್ಯಗಳನ್ನು ಕೇಳಿಸುತ್ತಾರೆ. ಆತ ಬಾಯಿ ತೆರೆಯಬೇಕಿಲ್ಲ. ಸುದ್ದಿ ಕೇಳಿ ಬರಿದೇ ಗೊತ್ತಿರುವುದಕ್ಕೂ ಸ್ವತಃ ಅನುಭವಿಸಿ ನೆನಪಿರುವುದಕ್ಕೂ ಇರುವ ವ್ಯತ್ಯಾಸ ಅಲೆಗಳಲ್ಲಿ ತಿಳಿಯುತ್ತದೆ ಎಂಬುದು ಅದರ ವಾದ. ಟುಲ್ವಿಂಗ್ ಮಾಡಿದ ‘ಗೊತ್ತು’, ‘ನೆನಪಿದೆ’ ಎಂಬ ಭೇದವನ್ನೇ ಇದು ಸಾಕ್ಷ್ಯವಾಗಿ ಮಾಡಹೊರಟಿತು. 2008ರ ಜೂನ್‌ನಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆ ಪ್ರಕರಣದಲ್ಲಿ ಶಿಕ್ಷೆ ವಿಧಿಸುವಾಗ ಈ ವರದಿಯನ್ನೂ ಪರಿಗಣಿಸಿತು. ಅದೇ ವರ್ಷ, ಆಗ ನಿಮ್ಹಾನ್ಸ್ ನಿರ್ದೇಶಕರಾಗಿದ್ದ ಡಿ. ನಾಗರಾಜ ಅವರ ಅಧ್ಯಕ್ಷತೆಯ ತಜ್ಞರ ಸಮಿತಿ, ಇಂಥ ಮೆದುಳು ಪರೀಕ್ಷೆಗಳಿಗೆ ವೈಜ್ಞಾನಿಕ ಆಧಾರ ಸಾಲದೆಂದು ವರದಿ ಕೊಟ್ಟಿತು.

ಬಿ.ಜಿ.ಯ ಕಥೆ ಓದಿದವರಿಗೆ ಸಮಿತಿಯ ಅನುಮಾನ ಅರ್ಥವಾಗುತ್ತದೆ. ನಡೆಯದ್ದನ್ನು ‘ನೆನಪಿದೆ’ ಎಂದು ಮನುಷ್ಯನ ಮೆದುಳೇ ನಂಬಬಲ್ಲದಾದರೆ, ಆ ನಂಬಿಕೆಯ ಅಲೆ ಅಳೆದು ಘಟನೆ ನಡೆಯಿತೆಂದು ಹೇಳುವುದು ಹೇಗೆ? ಪೊಲೀಸರ ಹಳೆಯ ಗುರುತು ಪತ್ತೆ ಪರೇಡು ಈ ವಿಷಯದಲ್ಲಿ ಹೆಚ್ಚು ವಿವೇಕದ್ದು. 2024ರ ಜೂನ್‌ವರೆಗೆ 1872ರ ಸಾಕ್ಷ್ಯ ಅಧಿನಿಯಮದ 9ನೇ ಕಲಂ ಅದರ ಆಧಾರವಾಗಿತ್ತು. ತಾಲ್ಲೂಕು ದಂಡಾಧಿಕಾರಿಗಳೂ ಆದ ತಹಶೀಲ್ದಾರರು ಆರೋಪಿಯನ್ನು ಅವನದೇ ಮೈಕಟ್ಟು, ವಯಸ್ಸಿನವರ ನಡುವೆ ನಿಲ್ಲಿಸುತ್ತಾರೆ. ಹೋಲದವರನ್ನು ನಿಲ್ಲಿಸಿದರೆ ಒಟ್ಟು ಹೋಲಿಕೆಯ ಮೇಲೇ ಯಾರು ಬೇಕಾದರೂ ಬೊಟ್ಟು ಮಾಡಬಹುದು. ಶ್ಯಾಕ್ಟರ್ ಬೇರೆ ಜಾತಿಯ ವಸ್ತು ಬೆರೆಸಿದಾಗ ಬಿ.ಜಿ. ಸರಿಯಾಗಿ ಉತ್ತರಿಸಿದ್ದಕ್ಕೂ ಕಾರಣ ಇದೇ. ಹೀಗಿದ್ದೂ ಪರೇಡಿನ ಗುರುತನ್ನು ನ್ಯಾಯಾಲಯಗಳು ಸ್ವತಂತ್ರ ಸಾಕ್ಷ್ಯವೆಂದು ಒಪ್ಪುವುದಿಲ್ಲ. ಕಟಕಟೆಯಲ್ಲಿ ಹೇಳುವ ಗುರುತಿಗೆ ಅದು ಬೆಂಬಲ ಮಾತ್ರ.

ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್, ನ್ಯಾಯಮೂರ್ತಿಗಳಾದ ಆರ್.ವಿ. ರವೀಂದ್ರನ್ ಮತ್ತು ಜೆ.ಎಂ. ಪಾಂಚಾಲ್ ಅವರ ಸುಪ್ರೀಂ ಕೋರ್ಟ್ ಪೀಠ 2010ರ ಮೇ 5ರಂದು ತೀರ್ಪು ಕೊಟ್ಟಿತು. ಮಂಪರು ಪರೀಕ್ಷೆ, ಪಾಲಿಗ್ರಾಫ್ ಮತ್ತು ಮೆದುಳಿನ ವಿದ್ಯುತ್ ಪರೀಕ್ಷೆಯನ್ನು ವ್ಯಕ್ತಿಯ ಇಚ್ಛೆಗೆ ವಿರುದ್ಧವಾಗಿ ನಡೆಸುವುದು ಸಂವಿಧಾನದ 20(3) ಮತ್ತು 21ನೇ ವಿಧಿಗಳ ಉಲ್ಲಂಘನೆ ಎಂದು ಪೀಠ ಹೇಳಿತು. ಒಪ್ಪಿಗೆ ಇದ್ದರೆ ಅದನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಬೇಕು. ಒಪ್ಪಿ ಕೂತರೂ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯವಾಗುವುದಿಲ್ಲ. ಅದರ ಸಹಾಯದಿಂದ ಮುಂದೆ ಪತ್ತೆಯಾದ ವಸ್ತು ಅಥವಾ ಮಾಹಿತಿಯನ್ನಷ್ಟೇ ನ್ಯಾಯಾಲಯ ಸ್ವೀಕರಿಸಬಹುದು.